ಏಕಾಂತಪ್ಪನವರ ಬಾಯಲ್ಲಿ ಒಳ್ಳೆಯವರು

ಕೊಟ್ಟಿಗೆಹಾರದಲ್ಲಿ ಒಳ್ಳೆಯವರಿಗೆ ಬರವಿಲ್ಲ. ಕೈ ತೋರಿಸಿದಲ್ಲಿ ಬಸ್ಸು ನಿಲ್ಲಿಸುವ ಡ್ರೈವರ್ ಒಳ್ಳೆಯವನು. ಸೂಜಿ ಚುಚ್ಚದೆ ಬರೀ ಮಾತ್ರೆ ಕೊಟ್ಟು ಕಳಿಸುವ ಡಾಕ್ಟರು ಒಳ್ಳೆಯವರು. ಭಾನುವಾರ ಕುಡಿದು, ಯಾರ ತಂಟೆಗೂ ಹೋಗದೆ ತನ್ನ ಪಾಡಿಗೆ ಜಗಲಿಯ ಮೇಲೆ ಉರುಳಿಕೊಳ್ಳುವವನೂ ‘ಪಾಪ, ಒಳ್ಳೆಯವನು’. ಸಿಟ್ಟು ಬಂದಾಗ ‘ಒಳ್ಳೇ ಮನುಷ್ಯನಪ್ಪಾ ನೀನು!’ ಎಂದು ಬೈಯುವುದಕ್ಕೂ ಅದೇ ಮಾತು. ಇನ್ನು ಸತ್ತವರ ವಿಚಾರ ಕೇಳಲೇಬೇಡಿ, ಮಣ್ಣು ಮಾಡಿ ಮನೆಗೆ ಬರುವಷ್ಟರಲ್ಲಿ ಎಲ್ಲರೂ ಒಳ್ಳೆಯವರಾಗಿ ಮುಗಿದಿರುತ್ತಾರೆ. ಊರೆಲ್ಲ ಹೀಗೆ ಧಾರಾಳವಾಗಿ ಹಂಚುವ ಮಾತನ್ನು ಏಕಾಂತಪ್ಪನವರು ಮಾತ್ರ ಬಾಯೊಳಗೆ ಬೀಗ ಹಾಕಿ ಇಟ್ಟುಕೊಂಡಿದ್ದಾರೆ.

ಏಕಾಂತಪ್ಪನವರದು ಚಾರ್ಮಾಡಿ ಘಾಟಿಯ ರಸ್ತೆಗೆ ಕಳಸದ ರಸ್ತೆ ಬಂದು ಕೂಡುವ ಜಾಗದಲ್ಲಿ ಒಂದು ಅಂಗಡಿ. ಗೋಣಿಚೀಲ, ಟಾರ್ಪಾಲು, ಕತ್ತಿ, ಕೊಯ್ಲಿನ ಬುಟ್ಟಿ, ಬೆಲ್ಲ, ಬೇಳೆ, ಎಲ್ಲವೂ ಅಲ್ಲಿ ಸಿಗುತ್ತದೆ. ಹಣೆ ತುಂಬ ವಿಭೂತಿ, ಕಿವಿಯ ಮೇಲೆ ಪೆನ್ಸಿಲ್ಲು, ಎದುರಿಗೆ ಹಳೇ ಕಾಲದ ತಕ್ಕಡಿ. ಎಲೆಕ್ಟ್ರಾನಿಕ್ ತಕ್ಕಡಿ ಬಂದು ಎಷ್ಟೋ ಕಾಲವಾದರೂ ಮುಳ್ಳು ಅತ್ತಿತ್ತ ಆಡಿ ತಾನಾಗಿ ನಿಲ್ಲುವುದನ್ನು ನೋಡದಿದ್ದರೆ ಅವರಿಗೆ ತೂಕ ಮಾಡಿದಂತೆಯೇ ಆಗುವುದಿಲ್ಲ. ಅಂಗಡಿಯ ಬೋರ್ಡಿನ ಮೇಲಿರುವುದು ಹೆಂಡತಿಯ ಹೆಸರು: ಕಲ್ಲಮ್ಮ ಸ್ಟೋರ್ಸ್. ಜಾಗ ಮಾವನವರು ಕೊಟ್ಟದ್ದು, ಹಾಗಾಗಿ ಹೆಸರು ಮಗಳದೇ ಇರಲಿ ಎಂದವರು ಏಕಾಂತಪ್ಪನವರೇ. ಮನೆಯಿರುವುದು ದೇವರಮನೆಗೆ ಹೋಗುವ ದಾರಿಯಲ್ಲಿ, ಒಂದಿಷ್ಟು ಕಾಫಿ, ಮೆಣಸಿನ ತೋಟದ ನಡುವೆ.

ಮನುಷ್ಯರನ್ನು ಅಳೆಯಲು ಅವರ ಹತ್ತಿರ ಬೇರೆ ಬೇರೆ ಮಾತುಗಳಿವೆ. ಜಗಳಕ್ಕೆ ಹೋಗದವನು ‘ಸಾಧು’. ಹೇಳಿದ ಹೊತ್ತಿಗೆ ಬರುವವನು ‘ಮರ್ಯಾದಸ್ಥ’. ಉಳಿದವರೆಲ್ಲ ‘ಪರವಾಗಿಲ್ಲ’. ಶಾಲೆಗೆ ಬೆಂಚು, ದೇವಸ್ಥಾನಕ್ಕೆ ಗಂಟೆ, ಬಸ್‌ಸ್ಟ್ಯಾಂಡಿಗೆ ನೀರಿನ ಟ್ಯಾಂಕು ಎಲ್ಲ ಕೊಡಿಸಿ, ಎಲ್ಲದರ ಮೇಲೂ ತನ್ನ ಹೆಸರು ಬರೆಸಿದ ಪ್ಲಾಂಟರ್ ಪುಟ್ಟಸ್ವಾಮಿಯವರಿಗೂ ಆ ಇನ್ನೊಂದು ಮಾತು ಸಿಕ್ಕಿಲ್ಲ. ಅವರು ಜೀಪು ನಿಲ್ಲಿಸಿದಾಗಲೆಲ್ಲ ಕೆಣಕುತ್ತಾರೆ.

“ಏನ್ ಏಕಾಂತಪ್ಪ, ನಾನು ಇನ್ನೂ ಪಾಸಾಗಿಲ್ವ ಮಾರಾಯ?”

“ನೀವು ದೊಡ್ಡ ಮನುಷ್ಯರು ಸಾವ್ಕಾರ್ರೆ.”

“ಅದು ಗೊತ್ತು. ಒಳ್ಳೆಯವನೋ ಅಲ್ವೋ ಹೇಳು.”

“ದೊಡ್ಡ ಮನುಷ್ಯರು ಅಂದ್ನಲ್ಲ,” ಎಂದು ಏಕಾಂತಪ್ಪನವರು ಬೆಲ್ಲ ಒಡೆಯಲು ತೊಡಗುತ್ತಾರೆ. ಪುಟ್ಟಸ್ವಾಮಿಯವರು ಹೊಟ್ಟೆ ಹಿಡಿದುಕೊಂಡು ನಕ್ಕರೂ ಹೋಗುವಾಗ ಮುಖ ಸ್ವಲ್ಪ ಸಪ್ಪಗಿರುತ್ತದೆ.

ಹಾಗಾದರೆ ಯಾರಿಗೆ ಸಿಕ್ಕಿದೆ? ತೋಟದ ಕೆಲಸಕ್ಕೆ ಹೋಗುವ ದ್ಯಾವಮ್ಮನಿಗೆ ಸಿಕ್ಕಿದೆ. ದ್ಯಾವಮ್ಮನಿಗೂ ಪಕ್ಕದ ಮನೆಯ ಪ್ರಸಾದನಿಗೂ ಬೇಲಿಯ ವಿಚಾರಕ್ಕೆ ಮಾತು ಬಿಟ್ಟು ವರ್ಷಗಳಾಗಿವೆ. ಒಂದು ಕೊಯ್ಲಿನ ಕಾಲದಲ್ಲಿ ಪ್ರಸಾದನ ಮನೆಯವರೆಲ್ಲ ಮದುವೆಗೆ ಹೋಗಿದ್ದಾಗ, ಕಣದಲ್ಲಿ ಅವರ ಕಾಫಿ ಹರಡಿದ್ದಂತೆಯೇ ಅಕಾಲದ ಮಳೆ ಕವಿದುಕೊಂಡು ಬಂತು. ದ್ಯಾವಮ್ಮ ಬೇಲಿ ಹಾರಿ ಹೋಗಿ, ಆ ಕಾಫಿಯನ್ನೆಲ್ಲ ಗೋರಿ ರಾಶಿ ಮಾಡಿ, ತನ್ನದೇ ಟಾರ್ಪಾಲು ಹೊದಿಸಿ, ಅಂಚಿಗೆ ಕಲ್ಲು ಹೇರಿ ಮನೆಗೆ ಬಂದಳು. ಮರುದಿನ ಪ್ರಸಾದ ಧನ್ಯವಾದ ಹೇಳಲು ಬಂದರೆ ಬಾಗಿಲು ತೆಗೆಯಲಿಲ್ಲ. ಮಾತು ಬಿಟ್ಟದ್ದು ಬಿಟ್ಟದ್ದೇ. ಹೊಸ ಟಾರ್ಪಾಲು ಕೊಳ್ಳಲು ಪ್ರಸಾದ ಅಂಗಡಿಗೆ ಬಂದು ಈ ಕತೆ ಹೇಳಿದಾಗ ಏಕಾಂತಪ್ಪನವರು, “ಅವಳು ಒಳ್ಳೆಯವಳು,” ಎಂದರು. ಪಕ್ಕದಲ್ಲಿ ಕೂತು ಅಕ್ಕಿ ಆರಿಸುತ್ತಿದ್ದ ಮಗಳು ಧನ್ಯಾ, ಅಪ್ಪನ ಬಾಯಿಂದ ಆ ಮಾತು ಕೇಳಿ ಬೆರಗಾಗಿ, ಒಳ್ಳೆಯವರು ಅಂದರೆ ಏನಪ್ಪಾ ಎಂದು ಕೇಳಿದಳು.

“ಬೇಕಾದವ್ರಿಗೆ ಮಾಡಿದ್ರೆ ಅದು ಪ್ರೀತಿ ಕಣವ್ವ. ಬೇಡದವ್ರಿಗೂ ಮಾಡ್ತಾರಲ್ಲ, ಅದು ಬೇರೆ,” ಎಂದರು.

ಆ ಧನ್ಯಾ ಈಗ ಚಿಕ್ಕಮಗಳೂರಿನಲ್ಲಿ ಕಾಫಿ ಬೀಜ ಹದಮಾಡುವ ಒಂದು ಕ್ಯೂರಿಂಗ್ ಕಾರ್ಖಾನೆಯಲ್ಲಿ ರುಚಿ ನೋಡುವ ಕೆಲಸ ಮಾಡುತ್ತಾಳೆ. ಬೆಳಗಿನಿಂದ ಸಂಜೆಯವರೆಗೆ ಚಮಚದಲ್ಲಿ ಕಾಫಿ ಸೊರ್ರೆಂದು ಎಳೆದು, ಇದು ಒಳ್ಳೆಯದು, ಇದು ಅಷ್ಟಕ್ಕಷ್ಟೆ ಎಂದು ಹೇಳುವುದೇ ಅವಳ ಸಂಬಳದ ಕೆಲಸ. ಅಪ್ಪ ಜನ್ಮದಲ್ಲಿ ಉಳಿಸಿದ್ದನ್ನೆಲ್ಲ ಮಗಳು ಒಂದೇ ದಿನಕ್ಕೆ ಖರ್ಚು ಮಾಡುತ್ತಾಳೆ ಎಂದು ಕಲ್ಲಮ್ಮ ನಗುತ್ತಾರೆ. ಧನ್ಯಾ ಶಾಲೆಗೇ ಮೊದಲನೆಯವಳಾಗಿ ಪಾಸಾದಾಗಲೂ ಅಪ್ಪ ಅಂದದ್ದು ‘ಪರವಾಗಿಲ್ಲ’. ಅಂದು ಕೋಣೆಯ ಬಾಗಿಲು ಹಾಕಿಕೊಂಡು ಅತ್ತಿದ್ದಳು. ಆಮೇಲೆ ಅಪ್ಪ ಹೋದಲ್ಲೆಲ್ಲ ಅವಳ ಮಾರ್ಕ್ಸ್‌ಕಾರ್ಡನ್ನು ಜೇಬಿನಲ್ಲಿ ಮಡಚಿ ಇಟ್ಟುಕೊಂಡು ಓಡಾಡುತ್ತಿದ್ದಾರೆಂದು ತಿಳಿದು ಸಮಾಧಾನ ಮಾಡಿಕೊಂಡಳು.

ಈ ವರ್ಷ ಶಿವರಾತ್ರಿಗೆ ಬಂದವಳು ವಿಷಯ ಹೇಳಿದಳು. ಹುಡುಗನ ಹೆಸರು ಶಶಿಕಿರಣ್. ಊರು ಕಳಸದ ಹತ್ತಿರ ಸಂಸೆ. ಕಾಫಿ ಹಣ್ಣಿನ ಸಿಪ್ಪೆ ಬಿಡಿಸುವ ಪಲ್ಪರ್ ಮೆಷಿನ್ನು ರಿಪೇರಿ ಮಾಡುತ್ತಾ ಎಸ್ಟೇಟಿನಿಂದ ಎಸ್ಟೇಟಿಗೆ ತಿರುಗುವವನು, ಕ್ಯೂರಿಂಗಿಗೂ ಬರುತ್ತಿದ್ದ. ಒಬ್ಬರಿಗೊಬ್ಬರು ಹಿಡಿಸಿದ್ದಾರೆ. ಆದರೆ ಅವನ ತಂದೆಯದು ಒಂದೇ ಹಟ: ನಾನೇ ಹೋಗಿ ವಿಚಾರಿಸುತ್ತೇನೆ, ನನ್ನ ಮನಸ್ಸಿಗೆ ಬಂದರೆ ಮುಂದೆ, ಇಲ್ಲದಿದ್ದರೆ ಇಲ್ಲ.

“ಅವ್ರಪ್ಪ ಬೇಡ ಅಂದ್ರೆ ಕಿರಣ್ ಮೀರೋನಲ್ಲ. ಅವ್ರನ್ನ ನೋಯ್ಸಿ ಆ ಮನೆಗೆ ಹೋಗೋದು ನಂಗೂ ಬೇಡ. ಆದ್ರೆ ಬೇರೆ ಯಾರನ್ನೂ ತೋರಿಸ್ಬೇಡಿ ಅಮ್ಮ,” ಎಂದಳು ಧನ್ಯಾ. ಸದಾ ನಗುವ ಹುಡುಗಿ ಅಂದು ನಗಲಿಲ್ಲ.

ಮದುವೆಗೆ ವಿಚಾರಿಸುವುದಕ್ಕೆ ಈ ಕಡೆ ಒಂದು ಕ್ರಮವಿದೆ. ವಿಚಾರಿಸುವವರು ಹೆಣ್ಣಿನ ಮನೆಯ ಕಣ್ಣಿಗೆ ಬೀಳಬಾರದು. ಊರಿನ ಯಾವುದಾದರೂ ಅಂಗಡಿಯಲ್ಲಿ ಕೂತು, ಮಾತಿನ ನಡುವೆ ಮಾತು ಎಂಬಂತೆ ಕೇಳಬೇಕು. ಕೇಳಿಸಿಕೊಂಡವರು ನೀವು ಯಾರು ಅನ್ನಬಾರದು. ಹೇಳುವವರು ಯಾರ ಮೇಲೂ ಕೆಟ್ಟದ್ದು ಆಡುವುದಿಲ್ಲ, ಬದಲಿಗೆ ‘ನಮಗೆ ಅಷ್ಟು ಬಳಕೆ ಇಲ್ಲ’ ಅನ್ನುತ್ತಾರೆ, ಇಲ್ಲವೇ ‘ಅದು ನಾವು ಹೇಳೋಕಾಗಲ್ಲ’ ಅನ್ನುತ್ತಾರೆ. ಅಷ್ಟು ಕೇಳಿದರೆ ಸಾಕು, ಬಂದವರು ಮೆಣಸಿನ ರೇಟು ವಿಚಾರಿಸಿ ಎದ್ದು ಬಸ್ಸು ಹಿಡಿಯುತ್ತಾರೆ. ಸಂಬಂಧ ಮುರಿಯಿತೆಂದೇ ಅರ್ಥ. ಕೂಡುರಸ್ತೆಯ ಅಂಗಡಿಯಾದ್ದರಿಂದ ಇಂಥ ವಿಚಾರಣೆಗಳು ಹೆಚ್ಚಾಗಿ ಬರುತ್ತಿದ್ದದ್ದು ಏಕಾಂತಪ್ಪನವರ ಹತ್ತಿರವೇ. ಅವರು ‘ಮರ್ಯಾದಸ್ಥ ಜನ’ ಅಂದರೆ ಲಗ್ನಪತ್ರಿಕೆ ಅಚ್ಚಿಗೆ ಹೋಯಿತೆಂದೇ ತಿಳಿಯಬಹುದಿತ್ತು.

ಹೂಮಳೆ ಬಿದ್ದು ತೋಟಗಳೆಲ್ಲ ಬೆಳ್ಳಗೆ ಅರಳಿದ ವಾರ. ರಸ್ತೆಯ ಡೀಸೆಲ್ ಹೊಗೆಯನ್ನೂ ಮೀರಿ ಕಾಫಿ ಹೂವಿನ ಪರಿಮಳ ಅಂಗಡಿಯೊಳಕ್ಕೆ ನುಗ್ಗುತ್ತಿತ್ತು. ಶನಿವಾರ ಬೆಳಿಗ್ಗೆ ಕಳಸದ ಬಸ್ಸಿನಿಂದ ಒಬ್ಬರು ಇಳಿದರು. ನರೆತ ಮೀಸೆ, ಬಿಳಿ ಪಂಚೆ, ಬಿಸಿಲಿದ್ದರೂ ಕಂಕುಳಲ್ಲಿ ಕೊಡೆ. ಅತ್ತಿತ್ತ ನೋಡಿ ನೇರ ಕಲ್ಲಮ್ಮ ಸ್ಟೋರ್ಸಿನ ಬೆಂಚಿಗೆ ಬಂದು ಕೂತರು. ಕುಡಿಯಲು ನೀರು ಕೇಳಿದರು. ಈ ಸಲದ ಹೂವು ಹೇಗೆ ಎಂದರು. ಆಮೇಲೆ ದನಿ ತಗ್ಗಿಸಿದರು.

“ದೇವರಮನೆ ರೋಡಲ್ಲಿ ಏಕಾಂತಪ್ಪ ಅಂತ ಒಬ್ರು ತೋಟದವ್ರು ಇದ್ದಾರಂತಲ್ಲ, ನಿಮಗೆ ಪರಿಚಯ ಉಂಟಾ?”

ಏಕಾಂತಪ್ಪನವರ ಕೈಯಲ್ಲಿದ್ದ ಬೆಲ್ಲದ ಉಂಡೆ ಅಲ್ಲೇ ನಿಂತಿತು. ಸಂಸೆಯವರು! ಶಶಿಕಿರಣನ ತಂದೆ! ಹುಡುಗ ನಾಚಿಕೆಯವನಂತೆ, ಅಪ್ಪನಿಗೆ ತೋಟದ ವಿಷಯ ಹೇಳಿದವನು ಅಂಗಡಿಯ ವಿಷಯ ಹೇಳಿರಲಿಲ್ಲ. ಬೋರ್ಡಿನ ಮೇಲೋ ಕಲ್ಲಮ್ಮನ ಹೆಸರು.

“ಪರಿಚಯ ಇದೆ,” ಎಂದರು. ಸುಳ್ಳೇನಲ್ಲ.

ನಾನೇ ಅವನು ಎಂದು ಅಲ್ಲಿಗೇ ಹೇಳಿಬಿಡಬಹುದಿತ್ತು. ಆದರೆ ವಿಚಾರಿಸಲು ಬಂದ ಹಿರಿಯರು ಹೆಣ್ಣಿನ ಅಪ್ಪನ ಎದುರೇ ಸಿಕ್ಕಿಬಿದ್ದರೆ ಅದಕ್ಕಿಂತ ಮುಜುಗರ ಇನ್ನೊಂದಿಲ್ಲ. ಅಷ್ಟು ದೂರದಿಂದ ಬಂದವರ ಮಾನ ಕಳೆಯಲು ಅವರಿಗೆ ಮನಸ್ಸಾಗಲಿಲ್ಲ. ಜೊತೆಗೆ, ಇದ್ದದ್ದನ್ನು ಇದ್ದಂತೆ ಹೇಳಬೇಕೆಂದರೆ, ತನ್ನ ಬಗ್ಗೆ ಏನು ಕೇಳುತ್ತಾರೋ ನೋಡೋಣ ಎಂಬ ಸಣ್ಣ ಚಪಲವೂ ಇತ್ತು.

“ಮನೆ ಹೆಂಗೆ?” ಎಂದರು ಬಂದವರು.

“ಮನೆ ಪರವಾಗಿಲ್ಲ. ಹೆಂಡ್ತಿ ಗಟ್ಟಿಗಿತ್ತಿ. ಆ ಮನೆ ನಿಂತಿರೋದೇ ಅವಳಿಂದ.”

ಒಳಗೆ ಅಕ್ಕಿ ಅಳೆಯುತ್ತಿದ್ದ ಕಲ್ಲಮ್ಮನ ಕೈ ನಿಧಾನವಾಯಿತು.

“ಮಗಳು?”

“ಹುಡುಗಿ ಬಗ್ಗೆ ಎರಡು ಮಾತಿಲ್ಲ. ಅಪ್ಪನ ಹಂಗಲ್ಲ, ನಗ್‌ನಗ್ತಾ ಇರ್ತಾಳೆ.”

“ಅಪ್ಪ ನಗೋದಿಲ್ವಾ?”

“ಸ್ವಲ್ಪ ಮುಂಗೋಪ. ಬಿಗಿ ಮನುಷ್ಯ.”

“ಅದು ನನಗೂ ಉಂಟು ಮಾರಾಯ್ರೆ, ಬಿಡಿ. ಮನುಷ್ಯ ಹೆಂಗೆ? ಒಳ್ಳೆಯವ್ರಾ?”

ಏಕಾಂತಪ್ಪನವರು ಬೇರೆ ಯಾರನ್ನೇ ಆದರೂ ತೂಗಿ ಹೇಳುತ್ತಿದ್ದರು. ಈಗಲೂ ಅಭ್ಯಾಸಬಲದಿಂದ ತೂಗಲು ಹೊರಟರು. ತೂಕಕ್ಕೆ ಹಾಕಬೇಕಾದದ್ದು ತನ್ನನ್ನೇ. ಹೋದ ವರ್ಷ ಮೋಡ ಕವಿದಾಗ ತನ್ನ ಕಾಫಿ ಮುಚ್ಚಿದ್ದು ನೆನಪಾಯಿತು. ಬೇಲಿಯಾಚೆ ನೆರೆಯವರು ಕಾಫಿ ಹರಡಿದ್ದ ಕಣದತ್ತ ಒಮ್ಮೆ ನೋಡಿ, ಅವರ ಆಳುಗಳು ಬರುತ್ತಾರೆ ಬಿಡು ಎಂದುಕೊಂಡು ಒಳಗೆ ಹೋದದ್ದೂ ನೆನಪಾಯಿತು. ಮುಳ್ಳು ನಿಲ್ಲಲಿಲ್ಲ. ಎದುರಿಗಿದ್ದ ಮನುಷ್ಯ ತನ್ನ ಮಗನ ಬಾಳಿನ ಪ್ರಶ್ನೆ ಹೊತ್ತು ಬಂದಿದ್ದಾರೆ, ಅವರಿಗೆ ಸುಳ್ಳು ಹೇಳುವುದು ಹೇಗೆ?

“ಅದು ನಾನು ಹೇಳೋಕಾಗಲ್ಲ,” ಎಂದುಬಿಟ್ಟರು.

ಬಾಯಿಂದ ಹೊರಬಿದ್ದ ಮೇಲೆ ಆ ಮಾತು ಅವರ ಕಿವಿಗೂ ಬಿತ್ತು. ಒಳಗೆ ಕಲ್ಲಮ್ಮನ ಕೈಯಿಂದ ಸೇರು ಜಾರಿ ಠಣ್ ಎಂದಿತು.

ಬಂದವರ ಮುಖ ಗಂಭೀರವಾಯಿತು. ಉಳಿದ ನೀರನ್ನು ನಿಧಾನವಾಗಿ ಕುಡಿದರು. ಮೆಣಸಿನ ರೇಟು ಏನಾಗಿದೆ ಎಂದು ಕೇಳಿದರು. ಏಕಾಂತಪ್ಪನವರು ಏನೋ ಒಂದು ಹೇಳಿದರು, ಏನು ಹೇಳಿದರೆಂದು ಅವರಿಗೇ ಗೊತ್ತಿಲ್ಲ. ಬಂದವರು ಎದ್ದರು. ಎರಡು ಹೆಜ್ಜೆ ಹೋದವರು ತಿರುಗಿ ಬಂದರು.

“ನಾನು ಕೇಳಿದ್ದನ್ನ ಮರೆತ್ಬಿಡಿ ಮಾರಾಯ್ರೆ. ಯಾರೋ ಬಂದು ಕೇಳಿ ಬೇಡ ಅಂತ ಹೋದ್ರು ಅನ್ನೋ ಮಾತು ಆ ಹುಡುಗಿಗೆ ಅಂಟಬಾರ್ದು. ನಮ್ಮ ಮನೆಗೆ ಆಗ್ಲಿಲ್ಲ ಅಂತ ಅವಳಿಗೆ ಬೇರೆ ಕಡೆ ತೊಂದರೆ ಆಗೋದು ಬೇಡ. ಯಾರಾದ್ರೂ ಕೇಳಿದ್ರೆ, ಅವನು ಗೋಣಿಚೀಲಕ್ಕೆ ಬಂದಿದ್ದ ಅನ್ನಿ.” ಸ್ವಲ್ಪ ಯೋಚಿಸಿದರು. “ನಿಮ್ಮ ಬಾಯಲ್ಲಿ ಸುಳ್ಳು ಯಾಕೆ? ಒಂದು ಚೀಲ ಕೊಡಿ.”

ಚೀಲ ಕೊಂಡು, ನಾಲ್ಕಾಗಿ ಮಡಚಿ, ಕೊಡೆಯ ಜೊತೆ ಕಂಕುಳಲ್ಲಿ ಇಟ್ಟುಕೊಂಡು ರಸ್ತೆ ದಾಟಿದರು.

ಏಕಾಂತಪ್ಪನವರು ಹಾಗೆಯೇ ನಿಂತಿದ್ದರು. ಕಲ್ಲಮ್ಮ ಸೆರಗು ಸಿಕ್ಕಿಸಿಕೊಂಡು ಹೊರಗೆ ಬಂದರು.

“ನಿಮ್ಮ ತಕ್ಕಡಿಗಿಷ್ಟು ಬೆಂಕಿ ಹಾಕ! ಮಗಳ ಬಾಳನ್ನೂ ತೂಗಿ ಕೂರಿಸಿದ್ರಲ್ಲ! ಹೋಗಿ, ಕರೀರಿ ಅವ್ರನ್ನ.”

“ಹೆಂಗ್ ಕರೀಲೇ? ನಾನೇ ಏಕಾಂತಪ್ಪ ಅಂತ ಹೋಗಿ ನಿಂತ್ರೆ ಅವ್ರಿಗೆ ಮುಖ ಎತ್ತೋಕಾಗುತ್ತಾ?”

“ಧನ್ಯಾಗೆ ಏನ್ ಹೇಳ್ತೀರಿ? ಮಧ್ಯಾಹ್ನದ ಬಸ್ಸಿಗೆ ಬರ್ತಾಳೆ. ನಿಮ್ಮಪ್ಪ ಒಳ್ಳೆಯವನಲ್ಲ ಅಂತ ನಿಮ್ಮಪ್ಪನೇ ಹೇಳಿ ಕಳ್ಸಿದ ಅಂತ ಹೇಳ್ತೀರಾ?”

ಏಕಾಂತಪ್ಪನವರು ತಕ್ಕಡಿಯತ್ತ ಒಮ್ಮೆ ನೋಡಿದರು. ಸ್ಟೂಲಿನ ಮೇಲೆ ಕುಸಿದು ಕೂತರು. “ಎಂಥ ಮನೆ ಕಳ್ಕೊಂಡ್ವಲ್ಲೇ ಕಲ್ಲಮ್ಮ,” ಎಂದರು. ಕಣ್ಣು ತುಂಬಿ ಬಂದಿತ್ತು. ಮೂರ್ಖ, ಮುಠ್ಠಾಳ ಎಂದು ತನ್ನನ್ನು ತಾನೇ ಬೈದುಕೊಂಡರು. ಮಗಳು ಆ ಹುಡುಗನ ಹೆಸರು ಹೇಳುವಾಗ ದನಿ ಹೇಗೆ ಮೆತ್ತಗಾಗಿತ್ತೆಂದು ನೆನೆದು ಇನ್ನೂ ಸಂಕಟವಾಯಿತು.

ಎದುರು ಬದಿಯಲ್ಲಿ ತಂಗಮ್ಮನ ಹೋಟೆಲು. ಕಳಸದ ಬಸ್ಸಿಗೆ ಕಾಯುವವರೆಲ್ಲ ಅಲ್ಲೇ ಕೂತು ನೀರುದೋಸೆ ತಿನ್ನುತ್ತಾರೆ. ಅವರೂ ಕೂತರು. ಏಕಾಂತಪ್ಪನವರು ಕಂಬದ ಮರೆಯಿಂದ ನೋಡುತ್ತಿದ್ದರು. ತಂಗಮ್ಮ ದೋಸೆ ಬಡಿಸಿದಳು. ಅವರು ಏನೋ ಕೇಳಿದರು. ಮನಸ್ಸು ತಡೆಯದೆ ಇನ್ನೊಂದು ಕಡೆಯೂ ವಿಚಾರಿಸುತ್ತಿದ್ದಾರೆ! ತಂಗಮ್ಮ ತಲೆಯಾಡಿಸಿ ಧಾರಾಳವಾಗಿ ಏನೇನೋ ಹೇಳಿದಳು. ಅವರು ನಂಬದವರಂತೆ ಕೈಯಾಡಿಸಿ ಈ ಅಂಗಡಿಯ ಕಡೆ ತೋರಿಸಿದರು. ತಂಗಮ್ಮನ ಸೌಟು ಗಾಳಿಯಲ್ಲೇ ನಿಂತಿತು. ಅಂಗಡಿಯತ್ತ ನೋಡಿದಳು, ಅವರ ಮುಖ ನೋಡಿದಳು, ಆಮೇಲೆ ನಗಲು ಶುರುಮಾಡಿದಳು. ಎಂಥ ನಗುವೆಂದರೆ ಕಾವಲಿಯ ಮೇಲಿನ ದೋಸೆ ಸೀದು ಹೊಗೆ ಎದ್ದಿತು, ಸ್ಟ್ಯಾಂಡಿನಲ್ಲಿದ್ದ ಬಾಡಿಗೆ ಜೀಪಿನ ಡ್ರೈವರ್ ಗಿರಿ ಏನಾಯಿತೋ ಎಂದು ಓಡಿಬಂದ. ತಂಗಮ್ಮ ಸೌಟು ಹಿಡಿದೇ ರಸ್ತೆಗೆ ಬಂದು ಕೂಗಿದಳು.

“ಅಯ್ಯೋ ನನ್ ಮಾರಾಯ್ರೆ! ನೀವು ಏಕಾಂತಪ್ಪನವ್ರ ಬಗ್ಗೆ ಕೇಳಿದ್ದು ಏಕಾಂತಪ್ಪನವ್ರನ್ನೇ! ಅಗೋ, ಕಂಬದ ಹಿಂದೆ ನಿಂತಿರೋರು ಅವ್ರೇ!”

ಬಂದವರು ಹೋಟೆಲಿನ ಬಾಗಿಲಿಗೆ ಬಂದು ನಿಂತರು. ಕಂಕುಳಲ್ಲಿ ಚೀಲ, ಕೊಡೆ. ಇಬ್ಬರ ಕಣ್ಣೂ ಕೂಡಿದವು. ಅಷ್ಟರಲ್ಲಿ ಕಳಸದ ಬಸ್ಸು ಬಂದು ನಡುವೆ ನಿಂತುಬಿಟ್ಟಿತು.

ಬಸ್ಸು ಹೊರಡಲು ಎಷ್ಟು ಹೊತ್ತು ಹಿಡಿಯಿತೋ! ಯಾರೋ ಹತ್ತಿದರು, ಯಾರದೋ ಬಾಳೆಗೊನೆ ಹತ್ತಿತು, ಕಂಡಕ್ಟರ್ ಯಾರ ಹತ್ತಿರವೋ ಜಗಳವಾಡಿದ. ಕಲ್ಲಮ್ಮ ಗಂಡನ ತೋಳು ಹಿಡಿದುಕೊಂಡು, “ಶಿವನೇ, ಹತ್ತದೇ ಇರ್ಲಪ್ಪ,” ಎಂದರು. ಏಕಾಂತಪ್ಪನವರು ಕಣ್ಣು ಮುಚ್ಚಿಕೊಂಡರು. ಬಸ್ಸು ಹೋಯಿತು. ಕಣ್ಣು ತೆರೆದರೆ ಅವರು ರಸ್ತೆ ದಾಟಿ ಬರುತ್ತಿದ್ದರು.

“ನೀವೇನಾ?” ಎಂದರು ಬಂದು ನಿಂತು.

“ನಾನೇ.”

“ಹೇಳ್ಬಾರ್ದಿತ್ತಾ?”

“ನಿಮಗೆ ಮುಜುಗರ ಆಗ್ಬಾರ್ದು ಅಂತ...”

“ಸರಿ, ಹೇಳ್ಲಿಲ್ಲ. ಒಳ್ಳೆಯವ್ರು ಅಂತ ಒಂದು ಮಾತು ಅಂದಿದ್ರೆ ನಿಮ್ಮ ಗಂಟು ಎಂತ ಹೋಗ್ತಿತ್ತು?”

“ಅದು ಹೆಂಗ್ ಹೇಳ್ಲಿ? ನೀವು ನನ್ನನ್ನ ನಂಬಿ ಕೇಳಿದ್ರಿ. ನನಗೆ ಖಾತ್ರಿ ಇಲ್ಲದ್ದನ್ನ ಹೆಂಗ್ ಹೇಳೋದು?”

ಬಂದವರು, ಅವರ ಹೆಸರು ವಿಶ್ವನಾಥ್, ಏಕಾಂತಪ್ಪನವರನ್ನೇ ದಿಟ್ಟಿಸಿದರು. ಮೀಸೆ ಅಲುಗಿತು. ನಗು ತಡೆಯಲು ನೋಡಿದರು, ಆಗಲಿಲ್ಲ. ಬೆಂಚಿನ ಮೇಲೆ ಕೂತು ಕೊಡೆಯನ್ನು ನೆಲಕ್ಕೆ ಊರಿಕೊಂಡು ಮೈಯೆಲ್ಲ ಕುಲುಕಿಸಿ ನಕ್ಕರು. ಆಮೇಲೆ ಕಣ್ಣೊರೆಸಿಕೊಂಡು ಕಲ್ಲಮ್ಮನ ಕಡೆ ತಿರುಗಿದರು.

“ಇವ್ರ ಬಾಯಿಂದ ಬರೋ ಹಾಗೆ ಕಾಣೋದಿಲ್ಲ. ನೀವೇ ಹೇಳಿ ತಂಗಿ. ಇವ್ರು ಹೆಂಗೆ?”

ಗಿರಿ, ತಂಗಮ್ಮ ಎಲ್ಲರೂ ಅಂಗಡಿಯ ಮುಂದೆ ನೆರೆದಿದ್ದರು. ಕಲ್ಲಮ್ಮನ ಸಿಟ್ಟು ಇನ್ನೂ ಇಳಿದಿರಲಿಲ್ಲ.

“ಒಳ್ಳೆಯವ್ರ ಜೊತೆ ಸಂಸಾರ ಮಾಡಿ ನೋಡಿ ಅಣ್ಣಾ, ಕಷ್ಟ ಏನು ಅಂತ ನಿಮಗೇ ಗೊತ್ತಾಗುತ್ತೆ!” ಎಂದು ಒಳಗೆ ಹೋಗಿಬಿಟ್ಟರು.

ಏಕಾಂತಪ್ಪನವರು ತಕ್ಕಡಿಯ ತಟ್ಟೆಯನ್ನು ಎತ್ತಿ ಒರೆಸಿದರು. ಒರೆಸಿದ್ದನ್ನೇ ಮತ್ತೆ ಒರೆಸಿದರು. ಮುಖ ಮಾತ್ರ ಮೇಲೆತ್ತಲಿಲ್ಲ, ಎತ್ತಿದ್ದರೆ ಕಿವಿಯವರೆಗೂ ಕೆಂಪಾಗಿದ್ದನ್ನು ಊರೆಲ್ಲ ನೋಡುತ್ತಿತ್ತು.

ಬಸ್ಸು ತಪ್ಪಿತ್ತು, ಇನ್ನು ಹುಡುಗಿಯನ್ನು ನೋಡಿಯೇ ಹೋಗುತ್ತೇನೆಂದು ವಿಶ್ವನಾಥರು ಅಲ್ಲೇ ಉಳಿದರು. ತಂಗಮ್ಮ ದೋಸೆಯನ್ನು ಇಲ್ಲಿಗೇ ಕಳಿಸಿದಳು. ಅರೇಬಿಕಾ ಮೇಲೋ ರೊಬಸ್ಟಾ ಮೇಲೋ ಎಂದು ಇಬ್ಬರಿಗೂ ವಾದ ಹತ್ತಿತು. ಇಬ್ಬರದೂ ಮುಂಗೋಪವೇ ಆದ್ದರಿಂದ ದನಿ ರಸ್ತೆಯಾಚೆಗೂ ಕೇಳುತ್ತಿತ್ತು.

ಮಧ್ಯಾಹ್ನದ ಬಸ್ಸಿನಿಂದ ಇಳಿದ ಧನ್ಯಾ ಅಂಗಡಿಯ ಮುಂದೆ ಬಂದು ಥಟ್ಟನೆ ನಿಂತಳು. ಗೋಣಿಚೀಲದ ರಾಶಿಯ ಮೇಲೆ ಅಪ್ಪನ ಎದುರು ಕೂತು ಕೂಗಾಡುತ್ತಿದ್ದವರನ್ನು ಅವಳು ಶಶಿಕಿರಣನ ಫೋನಿನಲ್ಲಿ ನೋಡಿದ್ದಳು. ಮುಖದ ಬಣ್ಣವೇ ಇಳಿದುಹೋಯಿತು. ಅಪ್ಪ ಏನು ಹೇಳಿದರೋ, ಇವರು ಏನು ಕೇಳಿದರೋ, ಯಾವುದಕ್ಕೆ ಈ ಜಗಳವೋ. ಬ್ಯಾಗಿನ ಪಟ್ಟಿಯನ್ನು ಎರಡೂ ಕೈಯಲ್ಲಿ ಬಿಗಿಯಾಗಿ ಹಿಡಿದುಕೊಂಡು ಅಮ್ಮನನ್ನು ನೋಡಿದಳು. ಅಮ್ಮ ಕಣ್ಣಲ್ಲೇ ಅಪ್ಪನ ಕಡೆ ತೋರಿಸಿದರು.

ಏಕಾಂತಪ್ಪನವರು ಎದ್ದು ನಿಂತು ಪಂಚೆ ಸರಿಮಾಡಿಕೊಂಡರು.

“ಬಾರವ್ವ. ಇವ್ರು ಶಶಿಕಿರಣನ ತಂದೆ, ಸಂಸೆಯವ್ರು,” ಎಂದರು. ಒಂದು ಕ್ಷಣ ತಡೆದರು. “ಒಳ್ಳೆಯವ್ರು.”

ಧನ್ಯಾ ಅಪ್ಪನನ್ನೇ ನೋಡಿದಳು. ನಗಲು ಹೋದವಳಿಗೆ ಅಳು ಬಂತು, ಅಳುತ್ತಲೇ ನಗು ಬಂತು, ಬ್ಯಾಗನ್ನು ಅಲ್ಲೇ ಬಿಟ್ಟು ಅಮ್ಮನ ಹೆಗಲಿಗೆ ಮುಖ ಹಚ್ಚಿಬಿಟ್ಟಳು. ವಿಶ್ವನಾಥರು ಗಾಬರಿಯಾಗಿ ಎದ್ದರು.

“ಎಂತಾಯ್ತು ಮಾರಾಯ್ರೆ? ಹುಡುಗಿ ಯಾಕೆ ಅಳ್ತಾಳೆ?”

“ಏನಿಲ್ಲ ಅಣ್ಣಾ,” ಎಂದರು ಕಲ್ಲಮ್ಮ ಮಗಳ ತಲೆ ಸವರುತ್ತಾ. “ಮದುವೆ ಗೊತ್ತಾಯ್ತು.”